ಭಾನುವಾರದ ಬೂದಿ

ಬೆಳಿಗ್ಗೆ ಏಳೂವರೆಗೆ ತಡಮೆಯ ಹತ್ತಿರ ಯಾರೋ ಕೆಮ್ಮಿದರೆ ಅದು ಆಚೆಮನೆಯ ಬಾಯಮ್ಮ. ಅವರಿಗೆ ಕೆಮ್ಮು ಗಿಮ್ಮು ಎಂತದೂ ಇಲ್ಲ. ಬೆಲ್ ಒತ್ತುವ ಬದಲು ಕೆಮ್ಮುವುದು ನಮ್ಮ ಪುಂಜಾಲಕಟ್ಟೆ ಕಡೆಯ ಹಳೇ ಮರ್ಯಾದೆ, ಅಷ್ಟೆ. ಕೈಯಲ್ಲಿ ಒಂದು ನೆಗ್ಗಿದ ಅಲ್ಯೂಮಿನಿಯಂ ಬೋಗುಣಿ ಇರುತ್ತದೆ. ಅದರಲ್ಲಿ ಬಸಳೆ ಇದ್ದರೆ ಹಳೇ ಬೂದಿಯ ಋಣ ತೀರಿಸಲಿಕ್ಕೆ ಬಂದದ್ದು, ಖಾಲಿ ಇದ್ದರೆ ಹೊಸ ಬೂದಿ ಕೇಳಲಿಕ್ಕೆ ಬಂದದ್ದು ಅಂತ ಲೆಕ್ಕ.

ಮೊನ್ನೆ ಸೋಮವಾರ ಬೋಗುಣಿ ಖಾಲಿ ಇತ್ತು.

“ಮಾಸ್ಟ್ರೆ, ಬೂದಿ ಉಂಟಾ?”

“ಉಂಟು ಬಾಯಮ್ಮ. ಆದ್ರೆ ನಿನ್ನೆದ್ದು. ಭಾನುವಾರದ್ದು.”

“ಅಯ್ಯೋ, ಹಾಗಾದ್ರೆ ನಂಗೆ ಬೇಡ. ಗುರುವಾರ ಬರ್ತೇನೆ.”

ದಾರಿಯಲ್ಲಿ ಹೋಗುವವರು ಕೇಳಿಸಿಕೊಂಡರೆ ಎಂತ ಎಣಿಸಿಯಾರು ಹೇಳಿ. ಹಾಲು, ಮೀನು, ಮಲ್ಲಿಗೆ ಎಲ್ಲ ಇವತ್ತಿನದ್ದೇ ಬೇಕು ಅಂತ ಜಗಳ ಮಾಡುವ ಊರಿನಲ್ಲಿ, ಬೂದಿ ಮಾತ್ರ ನಾಲ್ಕು ದಿನ ಹಳತಾದರೇನೇ ಬೇಕಂತೆ. ಅದಕ್ಕೆ ಕಾರಣ ಉಂಟು. ಆ ಕಾರಣದ ಬಣ್ಣ ಹಸಿರು. ಹಸಿರು ಬಕೆಟಿನ ಕಥೆ ನಿಮಗೆ ಗೊತ್ತೇ ಇರಬೇಕು. ಬಾಯಮ್ಮ ಅದನ್ನು ಮಡಂತ್ಯಾರಿನವರೆಗೂ ತಲುಪಿಸಿದ್ದಾರೆ ಅಂತ ನನಗೆ ಬಲವಾದ ಗುಮಾನಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೇನೆ. ನಮ್ಮವಳು ಪೇಟೆಯಿಂದ ಒಂದು ಹಸಿರು ಪ್ಲಾಸ್ಟಿಕ್ ಬಕೆಟ್ ತಂದಿದ್ದಳು. ಬಚ್ಚಲ ಒಲೆಯಲ್ಲಿ ಬೂದಿ ತುಂಬಿ ಸೌದೆ ಹಿಡಿಯಲಿಕ್ಕೆ ಜಾಗ ಇರಲಿಲ್ಲ. ನಾನು ಆ ಬೂದಿಯನ್ನು ಅಡಿಕೆ ಹಾಳೆಯಲ್ಲಿ ಗೋರಿ ಗೋರಿ ಬಕೆಟಿಗೆ ತುಂಬಿದೆ. ಬೂದಿ ಬೆಳ್ಳಗೆ, ತಣ್ಣಗೆ, ಪಾಪದ ಹಾಗೆ ಕೂತಿತ್ತು. ಹೊಸ್ತಿಲ ಹತ್ತಿರ ಇಟ್ಟು ಲುಂಗಿ ಎತ್ತಿ ಕಟ್ಟಿದೆ. ಮತ್ತೆ ಬಕೆಟ್ ಎತ್ತಿದರೆ ಬಕೆಟ್ ಮಾತ್ರ ಬಂತು, ತಳ ಬರಲಿಲ್ಲ! ಬೂದಿ ಎಲ್ಲ ದಡಕ್ಕನೆ ಕಾಲ ಬುಡಕ್ಕೆ. ಒಳಗಿನಿಂದ ಗೋಲಿ ಗಾತ್ರದ ನಾಲ್ಕೈದು ಕೆಂಡ ಉರುಳಿ, ಗಾಳಿ ತಾಗಿದ ಕೂಡಲೇ ಕಣ್ಣು ಬಿಟ್ಟು ನನ್ನನ್ನೇ ನೋಡಿದವು. ಕಾಲು ಹಿಂದಕ್ಕೆಳೆದ ವೇಗವನ್ನು ಯಕ್ಷಗಾನದವರು ನೋಡಿದ್ದರೆ ಮೇಳಕ್ಕೆ ಕರೆಯುತ್ತಿದ್ದರು. ಬಕೆಟಿನ ತಳ ಸಿಮೆಂಟಿಗೆ ದೋಸೆಯ ಹಾಗೆ ಅಂಟಿಕೊಂಡಿತು. ಕೆರೆದು ತೆಗೆದದ್ದಾಯಿತು, ಆದರೆ ತಳದಲ್ಲಿ ಅಚ್ಚೊತ್ತಿದ್ದ ‘16’ ಅನ್ನುವ ಅಂಕೆ ಇವತ್ತಿಗೂ ಹೊಸ್ತಿಲಲ್ಲಿ ತಿರುಗುಮುರುಗಾಗಿ ಉಂಟು. ಹದಿನಾರು ಲೀಟರಿನ ಬಕೆಟ್ ಅಂತ ಅದರ ಅರ್ಥ. ಮೊಮ್ಮಗ ಬಂದಾಗ ಅದೆಂತ ಅಜ್ಜ ಅಂತ ಕೇಳ್ತಾನೆ. ಶಿಲಾಶಾಸನ ಅಂತ ಹೇಳಿದ್ದೇನೆ. ಮೂಡುಬಿದಿರೆಯ ಬಸದಿಗಳಲ್ಲಿ ಅಂಥದ್ದು ನೋಡಿದ್ದಾನೆ, ಹಾಗಾಗಿ ನಂಬಿದ.

ಗ್ಯಾಸು ಉಂಟಲ್ಲ, ಮಾಡಿನ ಮೇಲೆ ಸೋಲಾರು ಉಂಟಲ್ಲ, ಇನ್ನೂ ಎಂಥ ಒಲೆ ಮಾರಾಯ್ರೆ ಅಂತ ಬೆಂಗಳೂರಿನ ಮಗ ಕೇಳುವುದುಂಟು. ಅವನಿಗೆ ಆಟಿ ತಿಂಗಳ ನೆನಪು ಹೋಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸೋಲಾರು ಮಾಡಿನ ಮೇಲೆ ಕೂತು ಮಳೆ ಲೆಕ್ಕ ಮಾಡುವುದು ಬಿಟ್ಟರೆ ಬೇರೆ ಕೆಲಸ ಮಾಡುವುದಿಲ್ಲ. ಇನ್ನು ತೋಟದ್ದು. ಸೋಗೆ, ಮಡಲು, ಗೆರಟೆ, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಇದನ್ನೆಲ್ಲ ಎಂತ ಮಾಡುವುದು? ಅಡಿಕೆ ಸುಲಿದಾದ ಮೇಲೆ ಕೊಟ್ಟಿಗೆಯ ಹಿಂದೆ ಸಿಪ್ಪೆಯ ಗುಡ್ಡವೇ ಏಳುತ್ತದೆ, ಕಾರಿಂಜದ ಗುಡ್ಡೆಗೆ ತಮ್ಮ ಅನ್ನಬೇಕು. ದುಡ್ಡು ಕೊಡದೆ ಬರುವ ಬೆಂಕಿಯನ್ನು ಬಿಟ್ಟು ಕರೆಂಟಿನಲ್ಲಿ ನೀರು ಕಾಯಿಸಿದರೆ ನಮ್ಮ ಹಿರಿಯರು ಕನಸಿನಲ್ಲಿ ಬಂದು ಬೈಯುವುದಿಲ್ವಾ? ಮತ್ತೆ ತಾಮ್ರದ ಹಂಡೆಯ ನೀರಿಗೆ ಒಂದು ಹೊಗೆಯ ಪರಿಮಳ ಇರುತ್ತದೆ. ಅದು ಮೈಮೇಲೆ ಬಿದ್ದರೇನೇ ಮಿಂದ ಹಾಗೆ. ಗೀಸರಿನ ನೀರಿನಲ್ಲಿ ಮಿಂದರೆ ಒದ್ದೆಯಾದ ಹಾಗೆ, ಅಷ್ಟೆ.

ಹಂಡೆ ಇದ್ದಲ್ಲಿ ಒಲೆ, ಒಲೆ ಇದ್ದಲ್ಲಿ ಬೂದಿ. ಒಳ್ಳೆ ಗಟ್ಟಿ ಸೌದೆಯಾದರೆ ನೂರು ಕಿಲೋ ಉರಿಸಿದರೂ ಒಂದೆರಡು ಕಿಲೋ ಬೂದಿಯಷ್ಟೆ ಸಿಕ್ಕುವುದು. ಆದರೂ ಶನಿವಾರದ ಎಣ್ಣೆಸ್ನಾನ ಮುಗಿಯುವಾಗ ನಮ್ಮ ಒಲೆ ತುಂಬಿರುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ಬೂದಿ ತೆಗೆಯುವ ದಿನ. ನಮ್ಮವಳು ಬರೆದಿಟ್ಟ ಕಾನೂನು ಇದು, ಮಾಡುವವನು ನಾನು.

ನಾನು ಯೋಚನೆ ಮಾಡಿ ನೋಡಿದೆ. ಈ ಬೂದಿಯ ವಿಷಯದಲ್ಲಿ ನನಗಾದ ಮೋಸ ನನ್ನ ಅಜ್ಜಿಗೆ ಯಾಕೆ ಆಗಲಿಲ್ಲ? ಕಡೆಗೆ ಹೊಳೆಯಿತು, ಅವರಿಗೆ ಬೂದಿ ಅಂದರೆ ಕಸವೇ ಆಗಿರಲಿಲ್ಲ. ಅದು ಕೆಂಡದ ಕಂಬಳಿ. ರಾತ್ರಿ ಊಟ ಆಗಿ ಪಾತ್ರೆ ತೊಳೆದ ಮೇಲೆ ಅಜ್ಜಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಕೊಳ್ಳುತ್ತಿದ್ದರು. ಎರಡು ದಪ್ಪ ಕೆಂಡ ಆರಿಸಿ ಒಲೆಯ ಮೂಲೆಗೆ ಸರಿಸಿ, ಮೇಲಿಂದ ಬೂದಿಯನ್ನು ಮೆತ್ತಗೆ ಎಳೆದು, ಮಗುವಿಗೆ ಹೊದೆಸಿದ ಹಾಗೆ ಅಂಗೈಯಿಂದ ತಟ್ಟುತ್ತಿದ್ದರು. ಬೆಳಿಗ್ಗೆ ಐದಕ್ಕೆ ಬೂದಿ ಕೆದಕಿ, ಒಂದು ಹಿಡಿ ಒಣ ನಾರು ಇಟ್ಟು, ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಉರಿ. ಬೆಂಕಿಪೊಟ್ಟಣಕ್ಕೆ ಖರ್ಚಿಲ್ಲ. ಒಂದುವೇಳೆ ಕೆಂಡ ನಂದಿದರೆ ಆಚೆಮನೆಗೆ ಗೆರಟೆ ಹಿಡಿದುಕೊಂಡು ಓಡುವುದು ನಮ್ಮ, ಮಕ್ಕಳ ಕೆಲಸ. ಗೆರಟೆಯಲ್ಲಿ ಬೂದಿ ಹಾಸಿ, ಮೇಲೆ ಕೆಂಡ ಇಟ್ಟು, ಅದರ ಮೇಲೆ ಮತ್ತೆ ಬೂದಿ ಉದುರಿಸಿ ಕೊಡುತ್ತಿದ್ದರು. ದಾರಿಯಲ್ಲಿ ಊದುತ್ತಾ ಬರುವುದೇ ಒಂದು ಆಟ. ಅರ್ಧ ದಾರಿಯಲ್ಲಿ ಗೆರಟೆಗೇ ಹೊತ್ತಿಕೊಂಡು ಬಿಸಾಡಿ ಓಡಿದ್ದೂ ಉಂಟು, ಅದನ್ನು ಮನೆಯಲ್ಲಿ ಹೇಳಲಿಲ್ಲ.

ಅಂದರೆ ಬೂದಿಯ ಒಳಗೆ ಕೆಂಡ ರಾತ್ರಿಯಿಡೀ ಬದುಕಿರುತ್ತದೆ ಅನ್ನುವುದು ಅಜ್ಜಿಗೆ ದಿನಾ ಬೇಕಾದ ವಿದ್ಯೆ. ಗಾಳಿ ಕಮ್ಮಿಯಾಗಿ ನಿಧಾನ ಉರಿಯುತ್ತದೆ, ಬಿಸಿ ಹೊರಗೆ ಹೋಗದೆ ಉಳಿಯುತ್ತದೆ, ಮುಗಿಯಿತು ವಿಜ್ಞಾನ. ನಾವು ಬೆಂಕಿಪೊಟ್ಟಣ, ಲೈಟರು ಎಲ್ಲ ಬಂದ ಮೇಲೆ ಆ ವಿದ್ಯೆ ಮರೆತೆವು. ಕೆಂಡ ಮಾತ್ರ ಮರೆಯಲಿಲ್ಲ, ಅದು ಈಗಲೂ ಅಜ್ಜಿಯ ಕಾಲದ ಹಾಗೆಯೇ ಬೂದಿ ಹೊದ್ದು ಮಲಗುತ್ತದೆ. ‘ಬೂದಿ ಮುಚ್ಚಿದ ಕೆಂಡ’ ಅಂತ ನಾವು ಪೇಪರಿನಲ್ಲಿ ಓದುವುದು ಊರಿನ ಗಲಾಟೆಯ ಬಗ್ಗೆ, ಪಕ್ಷದ ಒಳಜಗಳದ ಬಗ್ಗೆ. ನಾನೇ ಮೂವತ್ತು ವರ್ಷ ಮಕ್ಕಳಿಗೆ ಆ ನುಡಿಗಟ್ಟನ್ನು ‘ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿ’ ಅಂತ ಪ್ರಶ್ನೆ ಕೊಟ್ಟವನು. ಸ್ವಂತ ಬಕೆಟಿನಲ್ಲಿ ಪ್ರಯೋಗಿಸಿದ್ದು ಮಾತ್ರ ರಿಟೈರ್ ಆದ ಮೇಲೆ.

ಗಲಾಟೆ ಅನ್ನುವಾಗ ಇನ್ನೊಂದು ನೆನಪಾಯಿತು. ಕರ್ಫ್ಯೂ ಅಂತ ಹೇಳ್ತೇವಲ್ಲ, ನಮ್ಮ ಜಿಲ್ಲೆಯವರಿಗೆ ಆ ಶಬ್ದದ ಅರ್ಥ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ಅಂತ ಇಡೀ ದೇಶವೇ ಮನೆಯೊಳಗೆ ಕೂತಿತ್ತು. ಆ ಶಬ್ದದ ಬುಡ ಹುಡುಕಿದರೆ ಹಳೇ ಫ್ರೆಂಚಿನಲ್ಲಿ ಸಿಗುವುದು ‘ಬೆಂಕಿ ಮುಚ್ಚು’ ಅಂತ! ಆ ಕಾಲದ ಯುರೋಪಿನ ಊರುಗಳಲ್ಲಿ ಸಂಜೆ ಗಂಟೆ ಹೊಡೆಯುತ್ತಿದ್ದರಂತೆ. ಗಂಟೆ ಕೇಳಿದ ಮೇಲೆ ಎಲ್ಲರೂ ಒಲೆಯ ಕೆಂಡ ಮುಚ್ಚಿ ಮಲಗಬೇಕು, ಇಲ್ಲದಿದ್ದರೆ ಮರದ ಮನೆಗಳು ಸಾಲಾಗಿ ಹೊತ್ತುತ್ತವೆ ಅಂತ ಹೆದರಿಕೆ. ಕೆಂಡದ ಮೇಲೆ ಕವುಚಲಿಕ್ಕೆ ಲೋಹದ ಒಂದು ಮುಚ್ಚಳವೇ ಇತ್ತು. ನಮ್ಮ ಅಜ್ಜಿ ಗಂಟೆ ಇಲ್ಲದೆ, ಪೊಲೀಸರಿಲ್ಲದೆ ದಿನಾ ರಾತ್ರಿ ಎಂಟೂವರೆಗೆ ಕರ್ಫ್ಯೂ ಹಾಕುತ್ತಿದ್ದರು ಅಂತಾಯಿತು, ಅಲ್ವಾ? ಲಂಡನ್ನಿನಲ್ಲಿ 1666ರ ಸೆಪ್ಟೆಂಬರ್ 2ರಂದು ಒಬ್ಬ ರೊಟ್ಟಿ ಸುಡುವವನ ಬೇಕರಿಯಿಂದ ಎದ್ದ ಬೆಂಕಿ ನಾಲ್ಕು ದಿನ ಉರಿದು ಹದಿಮೂರು ಸಾವಿರಕ್ಕೂ ಹೆಚ್ಚು ಮನೆ ನುಂಗಿತು. ಆ ಮನುಷ್ಯ ಮಾತ್ರ, ರಾತ್ರಿ ನಾನು ಒಲೆ ನೋಡಿಯೇ ಮಲಗಿದ್ದೆ ಅಂತ ಕಡೆಯವರೆಗೂ ಸಾಧಿಸಿದ. ನಾನೂ ಅದನ್ನೇ ಹೇಳಿದ್ದು ನಮ್ಮವಳ ಹತ್ತಿರ. ನೋಡಿಯೇ ತುಂಬಿಸಿದ್ದು ಮಾರಾಯ್ತಿ, ಕೆಂಪು ಎಲ್ಲಿಯೂ ಇರಲಿಲ್ಲ ಅಂತ.

ಕೆಂಪು ಇಲ್ಲ ಅನ್ನುವುದೇ ದೊಡ್ಡ ಮೋಸ. ಡ್ರೇಪರ್ ಅನ್ನುವವರು 1847ರಲ್ಲೇ ಲೆಕ್ಕ ಮಾಡಿ ಹೇಳಿದ್ದಾರೆ, ಯಾವ ವಸ್ತುವಾದರೂ ಕಾದು ಕಣ್ಣಿಗೆ ಮಂದ ಕೆಂಪಾಗಿ ಕಾಣಬೇಕಾದರೆ ಸುಮಾರು 525 ಡಿಗ್ರಿ ಸೆಲ್ಸಿಯಸ್ ಬೇಕು ಅಂತ. ಅದೂ ಕತ್ತಲಲ್ಲಿ. ಹಾಗಾದರೆ ಕಪ್ಪಗೆ ಸುಮ್ಮನೆ ಕೂತ ಕೆಂಡ 400 ಡಿಗ್ರಿ ಇದ್ದರೂ ನಿಮ್ಮ ಕಣ್ಣಿಗೆ ಇದ್ದಿಲು. ಪ್ಲಾಸ್ಟಿಕ್ ಬಕೆಟು ಕರಗಲಿಕ್ಕೆ ನೂರೈವತ್ತರ ಆಸುಪಾಸು ಸಾಕು. ಒಣ ಸಿಪ್ಪೆ ಹೊತ್ತಲಿಕ್ಕೆ ಇನ್ನೂರೈವತ್ತು, ಮುನ್ನೂರು. ನಾನು ಇದನ್ನು ಬಾಯಮ್ಮನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿ, “ಅದು ಸರಿ ಮಾಸ್ಟ್ರೆ, ನಿಮ್ಗೆ ಇದೆಲ್ಲ ಬಕೆಟಿಗೆ ಹಾಕುವ ಮೊದಲೇ ಗೊತ್ತಿತ್ತಾ?” ಅಂತ ಕೇಳಿದರು. ಕೆಲವು ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಕಣ್ಣಿಗೆ ಕಾಣದ ಬಿಸಿಯನ್ನು ನಂಬುವವರು ನಮ್ಮಲ್ಲಿ ಇಲ್ಲದಿಲ್ಲ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತೇವಲ್ಲ, ಅದಕ್ಕೆ ಒಗ್ಗರಣೆ ಹೇಗೆ? ಬೆಣಚುಕಲ್ಲನ್ನು ಕೆಂಡದಲ್ಲಿ ಹೂತು ಕಾಯಿಸಿ ಕಷಾಯಕ್ಕೆ ಹಾಕುವುದು. ಕಲ್ಲು ಹೊರಗಿನಿಂದ ಬೆಳ್ಳಗೆ ಸಾಧುವಿನ ಹಾಗೆ ಕಾಣುತ್ತದೆ. ಕಷಾಯಕ್ಕೆ ಬಿದ್ದಾಗ ಕೇಳುವ ‘ಚೊಂಯ್’ ಸದ್ದೇ ಸಾಕ್ಷಿ. ಆ ಸದ್ದು ಕೇಳಿಯೇ ನಾವು ಚಿಕ್ಕವರಿರುವಾಗ ಅರ್ಧ ಕಹಿ ಮರೆಯುತ್ತಿದ್ದೆವು. ಉಳಿದರ್ಧಕ್ಕೆ ಮೆಂತೆ ಗಂಜಿ.

ಇನ್ನು ನಮ್ಮ ಬೆಕ್ಕಿನ ವಿಷಯ. ಒಲೆಯಲ್ಲಿ ಬೆಕ್ಕು ಮಲಗಿದೆ ಅಂದರೆ ಬಡತನ ಅಂತ ನಮ್ಮ ಹಿರಿಯರ ಮಾತು. ಬೆಂಕಿಯೇ ಹೊತ್ತಿಸದ ಮನೆ ಅಂತ ಅರ್ಥ. ನಮ್ಮ ಮನೆಯಲ್ಲಿ ಬೆಕ್ಕು ಮಲಗುವುದು ಬಚ್ಚಲ ಒಲೆಯಲ್ಲಿ, ಅದೂ ಬೆಂಕಿ ಆರಿ ಬೆಚ್ಚಗೆ ಉಳಿದ ಹೊತ್ತಿನಲ್ಲಿ. ಅದಕ್ಕೆ ಎಷ್ಟು ಬಿಸಿ, ಎಲ್ಲಿ ಬಿಸಿ ಅಂತ ಮೀಸೆಯಲ್ಲೇ ಗೊತ್ತಾಗುತ್ತದೆ ಅಂತ ನಾನು ನಂಬಿದ್ದೆ. ಬಕೆಟಿನ ಪ್ರಕರಣದ ಮೇಲೆ ಬೆಕ್ಕನ್ನೇ ಥರ್ಮಾಮೀಟರ್ ಮಾಡಿಕೊಂಡೆ. ಬೆಕ್ಕು ಕೂತಲ್ಲಿಂದ ಬೂದಿ ತೆಗೆಯುವುದು, ಕೂರದಲ್ಲಿಂದ ಬೇಡ ಅಂತ ಕ್ರಮ. ಎರಡು ವಾರ ಚಂದ ನಡೆಯಿತು. ಮೂರನೇ ವಾರ ಬೆಕ್ಕು ಬಾಲ ಬೀಸಿದ ಕಡೆ ಬೂದಿ ಸರಿದು, ಕೆಳಗಿನ ಕೆಂಡ ತಾಗಿ, ಕೂದಲು ಸುಟ್ಟ ವಾಸನೆ ಇಡೀ ಮನೆಗೆ ಬಂತು. ಬೆಕ್ಕು ಮೂರು ದಿನ ಬಾಯಮ್ಮನ ಮನೆಯಲ್ಲಿ ತಂಗಿತು. ಅಲ್ಲಿ ಮೀನೂ ಸಿಗುತ್ತದೆ, ಮತ್ತೆ ಬಂದದ್ದೇ ಹೆಚ್ಚು. ಬೆಕ್ಕಿಗೇ ಗೊತ್ತಾಗದ್ದು ನಮಗೆ ಗೊತ್ತಾಗುತ್ತದಾ?

ಬಕೆಟಿನಿಂದ ಬುದ್ಧಿ ಬಂತು ಅಂತ ನೀವು ಎಣಿಸಿರಬಹುದು. ಬುದ್ಧಿ ಕಂತಿನಲ್ಲಿ ಬರುವುದು ಮಾರಾಯ್ರೆ. ಎರಡನೇ ಕಂತು ಮಾರ್ಚಿನಲ್ಲಿ ಬಂತು. ಭಾನುವಾರ ತೆಗೆದ ಬೂದಿಯನ್ನು ನಾನು ಈ ಸಲ ಒಂದು ದಿನ ಅಂಗಳದಲ್ಲಿ ಕಬ್ಬಿಣದ ಬಾಣಲೆಯಲ್ಲಿಟ್ಟೆ. ಸೋಮವಾರ ಸಂಜೆ ಕೈ ಅಡ್ಡ ಹಿಡಿದು ನೋಡಿದೆ, ತಣ್ಣಗೆ. ಸಿಮೆಂಟಿನ ಖಾಲಿ ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಕೊಟ್ಟಿಗೆಯ ಹಿಂದೆ ಒರಗಿಸಿಟ್ಟೆ. ಒರಗಿಸಿದ್ದು ಯಾವುದಕ್ಕೆ ಅಂತ ಕೇಳಬೇಡಿ. ಅದೇ ಸಿಪ್ಪೆಯ ಗುಡ್ಡಕ್ಕೆ.

ಬುಧವಾರ ಮಧ್ಯಾಹ್ನ ಪಡುಗಾಳಿ ಬೀಸಲಿಕ್ಕೆ ಶುರುವಾದ ಹೊತ್ತು. ನಾನು ಊಟ ಮಾಡಿ ಜಗಲಿಯ ಚಿಟ್ಟೆಯ ಮೇಲೆ ಪೇಪರು ಮುಖಕ್ಕೆ ಹಾಕಿಕೊಂಡಿದ್ದೆ. ತಡಮೆಯಲ್ಲಿ ಕೆಮ್ಮು. ಈ ಸಲ ನಿಜವಾದ ಕೆಮ್ಮು.

“ಮಾಸ್ಟ್ರೆ, ನಿಮ್ಮಲ್ಲಿ ಎಂತ ಸುಡ್ತಾ ಉಂಟು?”

“ಎಂತದೂ ಇಲ್ಲ ಬಾಯಮ್ಮ. ಯಾರೋ ಗುಡ್ಡೆಯಲ್ಲಿ ಸುಡುಮಣ್ಣು ಹಾಕಿರ್ಬೇಕು.”

“ಸುಡುಮಣ್ಣಿನ ವಾಸನೆ ನಂಗೆ ಗೊತ್ತಿಲ್ವಾ? ಇದು ಸಿಪ್ಪೆ. ಏಳಿ ಮೊದ್ಲು.”

ಎದ್ದೆ. ಚೀಲ ಇದ್ದ ಜಾಗದಲ್ಲಿ ಚೀಲ ಇರಲಿಲ್ಲ, ಕರಗಿ ನೂಲು ನೂಲಾಗಿತ್ತು. ಸಿಪ್ಪೆಯ ರಾಶಿಯಲ್ಲಿ ಉರಿ ಅಂತ ಎಲ್ಲಿಯೂ ಇಲ್ಲ. ಒಂದು ಹಿಡಿ ಅಗಲದ ತೂತು, ಅದರಿಂದ ಎಳೆ ಹೊಗೆ, ಬೀಡಿ ಸೇದುವವನ ಹಾಗೆ ನಿಧಾನಕ್ಕೆ. ನಾನು ಪೈಪು ಹಿಡಿದು ಮೇಲಿಂದ ನೀರು ಬಿಟ್ಟೆ. ನೀರು ಸಿಪ್ಪೆಯ ಮೇಲೆ ಜಾರಿ ಆಚೆ ಹರಿದು ಹೋಯಿತು, ಹೊಗೆ ಇನ್ನೊಂದು ಕಡೆಯಿಂದ ಬಂತು. ಇಲಿ ಬಿಲ ಮುಚ್ಚಿದ ಹಾಗೆ! ಕಡೆಗೆ ಬಾಯಮ್ಮನ ಮಗ ಬಂದು ಕೊಕ್ಕೆಯಲ್ಲಿ ರಾಶಿಯನ್ನು ಎಳೆದು ಅಂಗಳಕ್ಕೆ ಹರಡಿದ. ಒಳಗೆ ನೋಡಿದರೆ ಗುಹೆ. ಮೊಣಕೈ ಉದ್ದದ ಸುರಂಗ, ಗೋಡೆಯೆಲ್ಲ ಕೆಂಪು. ಹರಡಿದ್ದರ ಮೇಲೆ ನೀರು ಹಾಕಿ, ಮತ್ತೆ ಕೆದಕಿ, ಮತ್ತೆ ನೀರು ಹಾಕಿ ಆರುವಾಗ ಸಂಜೆ ಐದು. ರಾಶಿಗೆ ಬೆಂಕಿ ಹೊಕ್ಕರೆ ಮೇಲಿಂದ ನೀರು ಸುರಿದು ಪ್ರಯೋಜನ ಇಲ್ಲ, ಬಿಡಿಸಬೇಕು. ಆ ಹುಡುಗನಿಗೆ ಅದು ಯಾರು ಕಲಿಸಿದರೋ. ನನ್ನ ಕ್ಲಾಸಿನಲ್ಲಿ ಅವನು ಕಡೇ ಬೆಂಚು.

ಇನ್ನೊಂದು ಗಂಟೆ ನಾನು ನಿದ್ರೆ ಮಾಡಿದ್ದರೆ ಕೊಟ್ಟಿಗೆ, ಬೈಹುಲ್ಲು, ಎರಡು ದನ. ಆಮೇಲೆ ಫೋನು ಮಾಡುವುದು. ಯಾರಿಗೆ? ನಮ್ಮ ಪುಂಜಾಲಕಟ್ಟೆಯ ಜಾತಕವೇ ಅದು. ಅತ್ತ ಬಂಟ್ವಾಳ, ಇತ್ತ ಬೆಳ್ತಂಗಡಿ, ಮೇಲಿಂದ ಮೂಡುಬಿದಿರೆ. ಮದುವೆ ಕಾಗದ ಹಂಚಲಿಕ್ಕೆ ಹೊರಟರೆ ಮೂರು ತಾಲೂಕು ಸುತ್ತಿ ಬರಬೇಕು. ಬೆಂಕಿಗೆ ತಾಲೂಕು ಗೊತ್ತಿಲ್ಲ, 101 ಅಥವಾ 112 ಒತ್ತಿದರೆ ಅವರೇ ನೋಡಿಕೊಳ್ಳುತ್ತಾರೆ ಅನ್ನಿ. ಆದರೆ ಹೆದ್ದಾರಿ ಎಷ್ಟು ಅಗಲವಾದರೂ ಅಲ್ಲಿಂದ ನಮ್ಮ ಮನೆಗೆ ಬರುವ ದಾರಿ ಮೊದಲಿನಷ್ಟೇ ಅಗಲ ಉಂಟು, ಅಟೋ ಬಂದರೆ ನಾಯಿ ಬದಿಗೆ ನಿಲ್ಲಬೇಕು.

ಬಿಸು ಹಬ್ಬದ ದಿನ ಏಪ್ರಿಲ್ 14 ಇದ್ದರೆ ನಾವು ಕಣಿ ನೋಡುವ ಹೊತ್ತಿಗೆ ದೇಶದ ಅಗ್ನಿಶಾಮಕರು ತಮ್ಮವರನ್ನು ನೆನೆಯುತ್ತಾ ನಿಂತಿರುತ್ತಾರೆ. 1944ರ ಆ ದಿನ ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗು ಸ್ಫೋಟಿಸಿ ಅಗ್ನಿಶಾಮಕ ದಳದ 66 ಮಂದಿ ಸತ್ತರು. ಆ ಹಡಗಿನಲ್ಲಿ ಹತ್ತಿಯ ಮೂಟೆಗಳೂ ಮದ್ದುಗುಂಡೂ ಒಟ್ಟಿಗೆ ಇದ್ದವು. ಹತ್ತಿ ಉರಿ ಕಾಣಿಸದೆ ಒಳಗೊಳಗೇ ಬೇಯುವ ಜಾತಿ, ನಮ್ಮ ಸಿಪ್ಪೆಯ ದೊಡ್ಡಣ್ಣ. ಸಿಪ್ಪೆಯ ತೂತು ನೋಡಿದ ಮೇಲೆ ನನಗೆ ಆ ಕಥೆ ಬೇರೆಯೇ ರೀತಿ ಅರ್ಥವಾಗುತ್ತದೆ.

ಸಾಕು ಬಿಡಿ ಸಾವಿನ ಸುದ್ದಿ. ಬಸಳೆಗೆ ಬರುವ.

ಬಾಯಮ್ಮ ಹೊಸದಾಗಿ ಆಚೆಮನೆಗೆ ಬಂದಾಗ ಅವರಿಗೆ ಕೊಂಕಣಿ ಬಿಟ್ಟರೆ ತುಳುವೂ ಅಷ್ಟಕ್ಕಷ್ಟೆ. ಒಂದು ದಿನ ತಡಮೆಗೆ ಬಂದು ನನ್ನ ಅಮ್ಮನ ಹತ್ತಿರ ‘ಗೊಬೊರ್’ ಬೇಕು ಅಂದರು. ಅಮ್ಮ, ಅಯ್ಯೋ ಅದಕ್ಕೇನು, ಬೇಕಾದಷ್ಟು ಉಂಟು ಅಂತ ಹಟ್ಟಿಯಿಂದ ಎರಡು ಬುಟ್ಟಿ ಹಸಿ ಗೊಬ್ಬರ ಹೊರಿಸಿ ಕಳುಹಿಸಿದರು. ಬಾಯಮ್ಮ ಬೆಪ್ಪಾದರು. ಕೊಂಕಣಿಯಲ್ಲಿ ಗೊಬೊರ್ ಅಂದರೆ ಬೂದಿ! ಪಾತ್ರೆ ಬೆಳಗಲಿಕ್ಕೆ ಒಂದು ಹಿಡಿ ಬೂದಿ ಕೇಳಿದ ಹೊಸ ಮದುಮಗಳ ಅಂಗಳದಲ್ಲಿ ದನದ ಗೊಬ್ಬರದ ರಾಶಿ. ಸೌಜನ್ಯಕ್ಕೆ ಬೇಡ ಅನ್ನಲಿಲ್ಲ ಅವರು. ಅದನ್ನು ಹಾಕಿಯೇ ಮೊದಲ ಬಸಳೆ ನೆಟ್ಟದ್ದು. ಈಗ ಅವರ ಬಸಳೆ ಚಪ್ಪರ ನೋಡಬೇಕು ನೀವು, ದಂಟು ಹೆಬ್ಬೆರಳು ದಪ್ಪ ಉಂಟು.

ಅವರ ಇಗರ್ಜಿಯಲ್ಲಿ ಕಳೆದ ವರ್ಷದ ಗರಿಗಳ ಭಾನುವಾರದ ಗರಿಯನ್ನು ಸುಟ್ಟು, ಆ ಬೂದಿಯನ್ನು ಬೂದಿ ಬುಧವಾರದಂದು ಹಣೆಗೆ ಹಚ್ಚುತ್ತಾರೆ. ನಮ್ಮ ಕಡೆ ಕಾರಿಂಜೇಶ್ವರ ಮೈತುಂಬ ಬೂದಿ ಬಳಿದುಕೊಂಡೇ ಕೂತವನು. ದೇವರುಗಳಿಗೆ ಬೂದಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಇಲ್ಲ ಅಂತ ಒಮ್ಮೆ ನಾನು ಹೇಳಿದೆ. “ಹೌದು ಮಾಸ್ಟ್ರೆ, ಅವ್ರು ಆರಿದ ಬೂದಿ ಹಾಕ್ಕೊಳ್ತಾರೆ” ಅಂದರು ಬಾಯಮ್ಮ. ಈ ಹೆಂಗಸಿನ ಎದುರು ಮಾತಾಡುವುದೇ ಕಷ್ಟ.

ಬಸಳೆಗೆ ಬೂದಿ ಯಾಕೆ ಹಿತ ಅಂದರೆ ಅದರಲ್ಲಿ ಪೊಟ್ಯಾಷ್ ಉಂಟು, ಸುಣ್ಣದ ಅಂಶ ಉಂಟು. ಪೊಟ್ಯಾಷ್ ಅನ್ನುವ ಹೆಸರಿನಲ್ಲೇ ಮಡಕೆಯೂ ಬೂದಿಯೂ ಇರುವುದು. ಹಿಂದೆ ಬೂದಿಯ ನೀರನ್ನು ಪಾತ್ರೆಯಲ್ಲಿ ಕುದಿಸಿ ಬತ್ತಿಸಿ ತೆಗೆಯುತ್ತಿದ್ದರು, ಅದರಿಂದ ಬಂದ ಹೆಸರು. 1807ರಲ್ಲಿ ಹಂಫ್ರಿ ಡೇವಿ ಅದರಿಂದ ಹೊಸ ಲೋಹ ತೆಗೆದು ಪೊಟ್ಯಾಸಿಯಂ ಅಂತ ಹೆಸರಿಟ್ಟ. ಕೃಷಿಯವರ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಪೊಟ್ಯಾಷ್‌ನ ಅಜ್ಜನಮನೆ ನಮ್ಮ ಬಚ್ಚಲ ಒಲೆ. ಆದರೆ ಹೆಚ್ಚು ಸುರಿದರೆ ಗಿಡ ಹಳದಿಯಾಗುತ್ತದೆ, ಒಂದು ಬುಡಕ್ಕೆ ಒಂದು ಹಿಡಿ ಸಾಕು. ಒದ್ದೆ ಬೂದಿ ಕೈಗೆ ತಾಗಿದರೆ ಚರ್ಮ ಬಿರಿಯುತ್ತದೆ, ನಮ್ಮಮ್ಮನ ಅಂಗೈ ಅದಕ್ಕೇ ಹಾಗಿತ್ತು. ಮತ್ತೆ ಈಗಿನ ಕೆಲವರ ಒಲೆಯ ಬೂದಿ ನನಗಂತೂ ಬೇಡ. ಹಾಲಿನ ಪ್ಯಾಕೆಟು, ಪೈಂಟು ಬಳಿದ ಬಾಗಿಲಿನ ತುಂಡು, ಪ್ಲೈವುಡ್ಡು, ಪಿವಿಸಿ ಪೈಪು, ಎಲ್ಲ ಹಂಡೆಯ ಅಡಿಗೇ. ಆ ಬೂದಿ ಬಸಳೆಗೆ ಹಾಕಿ, ಆ ಬಸಳೆ ನೀವು ತಿನ್ನುವುದಾ? ಒಲೆ ಅಂದರೆ ಪಂಚಾಯತಿನ ಕಸದ ಗಾಡಿ ಅಲ್ಲ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಬೇಗ ಆರಲಿ ಅಂತ ಒಲೆಯೊಳಗೇ ಚೊಂಬು ನೀರು ಹೊಯ್ಯುವವರೂ ಉಂಟು. ಹಬೆಯೊಟ್ಟಿಗೆ ಬಿಸಿ ಬೂದಿ ಎದ್ದು ಮುಖಕ್ಕೆ ಬಡಿಯುತ್ತದೆ, ಒಲೆ ಬಿರುಕು ಬಿಡುತ್ತದೆ, ಉಳಿಯುವುದು ಕೆಸರು. ಮಳೆಗಾಲದಲ್ಲಿ ಬೆಚ್ಚಗೆ ಇರಲಿ ಅಂತ ಕೆಂಡದ ಬಾಣಲೆಯನ್ನು ಬಾಣಂತಿ ಕೋಣೆಗೆ ಇಟ್ಟು ಬಾಗಿಲು ಮುಚ್ಚುವುದಂತೂ ಮಾಡಲೇಬಾರದು. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಾಯಮ್ಮನ ಮೂಗಿಗೂ ಸಿಕ್ಕುವುದಿಲ್ಲ.

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ದವರು ಹಳ್ಳಿಯವರಿಗಾಗಿ ಒಂದು ಒಲೆ ಮಾಡಿದರು. ಅಸ್ತ್ರ ಒಲೆ ಅಂತ ಹೆಸರು, ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಲ್ಲಿ ಹೊರಗೆ. ಅದರಲ್ಲಿ ಬೆಂಕಿಯ ಅಡಿಗೆ ಜಾಲರಿ, ಬೂದಿ ಕೆಳಗೆ ಉದುರುತ್ತದೆ. ಎಷ್ಟೋ ಅಡಿಗೆಮನೆಯಲ್ಲಿ ಹೆಂಗಸರ ಕಣ್ಣಿನ ನೀರು ನಿಲ್ಲಿಸಿದ ಒಲೆ ಅದು. ನಾನು ಅಷ್ಟು ದೊಡ್ಡ ಸಂಶೋಧನೆ ಮಾಡಲಿಲ್ಲ. ಎಣ್ಣೆ ಬರುವ ಹದಿನೈದು ಕಿಲೋದ ತಗಡಿನ ಡಬ್ಬ ಒಂದು ತಂದೆ, ಮೇಲಿನ ತಗಡು ಪೂರ್ತಿ ಕತ್ತರಿಸಿದೆ. ಗಟ್ಟಿ ಕೂರುವ ಕಬ್ಬಿಣದ ಮುಚ್ಚಳ ಒಂದನ್ನು ಚೌಕಾಸಿ ಮಾಡಿ ವೆಲ್ಡಿಂಗ್ ಹುಡುಗನಿಂದ ಮಾಡಿಸಿದೆ. ಗಾಳಿ ಹೋಗದಿದ್ದರೆ ಕೆಂಡ ತಾನಾಗಿ ಸಾಯುತ್ತದೆ. ಮುಚ್ಚಳದ ಮೇಲೆ ಅರ್ಧ ಮುರಕಲ್ಲು, ನಾಯಿ ತಟ್ಟಿದರೂ ಬೀಳಬಾರದು. ಡಬ್ಬ ಇರುವುದು ಅಂಗಳದ ನಡುವೆ ಕಲ್ಲಿನ ಮೇಲೆ. ಮನೆಯಿಂದ, ಕೊಟ್ಟಿಗೆಯಿಂದ, ಸಿಪ್ಪೆಯಿಂದ, ಮಡಲಿನ ಅಟ್ಟಿಯಿಂದ ಎಲ್ಲದರಿಂದಲೂ ಹತ್ತು ಹೆಜ್ಜೆ ದೂರ. ಬೂದಿ ಗೋರುವುದು ಈಗ ಕಬ್ಬಿಣದ ಕೈಸಲಿಕೆಯಲ್ಲಿ. ಹಾಳೆಗೆ ಪೆನ್ಶನ್ ಕೊಟ್ಟಾಯಿತು.

ಎಷ್ಟು ದಿನ ಅಂತ ಕೇಳಿದರೆ, ಹೊರದೇಶದ ಅಗ್ನಿಶಾಮಕದವರು ನಾಲ್ಕು ದಿನದವರೆಗೂ ಕೆಂಡ ಜೀವ ಹಿಡಿದಿರುತ್ತದೆ ಅಂತ ಜನರಿಗೆ ಎಚ್ಚರಿಸುತ್ತಾರೆ. ನನ್ನ ಸಿಪ್ಪೆಯ ರಾಶಿ ಅದನ್ನು ಮೂರಕ್ಕೇ ಪಾಸು ಮಾಡಿ ತೋರಿಸಿತು. ನಾಲ್ಕು ಅಂತಲೇ ಇಟ್ಟುಕೊಂಡಿದ್ದೇವೆ. ಮರೆಯಬಾರದು ಅಂತ ಡಬ್ಬದ ಹೊಟ್ಟೆಗೆ ಸೀಮೆಸುಣ್ಣದಲ್ಲಿ ವಾರ ಬರೆಯುತ್ತೇನೆ. ಮಾಸ್ಟ್ರ ಕೈಗೆ ಸೀಮೆಸುಣ್ಣದ ಅಭ್ಯಾಸ ಬಿಡಬೇಕಲ್ಲ.

ತಡಮೆಯಲ್ಲಿ ಕೆಮ್ಮು ಕೇಳಿಸಿತು. ಬೋಗುಣಿಯಲ್ಲಿ ಈ ಸಲ ಬಸಳೆಯೂ ಉಂಟು, ಮುಂಗಡ ಇರಬೇಕು. ಡಬ್ಬದ ಮೇಲೆ ‘ಭಾನುವಾರ’ ಅಂತ ಬರೆದದ್ದು ಅಳಿಸಿಲ್ಲ. ಇವತ್ತು ಗುರುವಾರ. ಮುರಕಲ್ಲು ಇಳಿಸಿ ಬರ್ತೇನೆ, ನೀವು ಕೂತಿರಿ.